ಸತ್ಯವೂ ಮಮಕಾರವೂ

ಮಮಕಾರವನ್ನು ಬಿಡಬೇಕೆಂಬ ಉಪದೇಶವು ನಮ್ಮಲ್ಲಿ ಬಹು ಹಳೆಯದು. ಮನೆ, ಹೊಲ, ಹೊನ್ನು, ಮಕ್ಕಳು ಎಂಬ ವಿಷಯಗಳಲ್ಲಿ 'ನನ್ನದು' ಎಂಬ ಭಾವನೆಯು ಮನುಷ್ಯನನ್ನು ಹೇಗೆ ಕಟ್ಟಿಹಾಕುವುದೆಂಬುದನ್ನು ನಮ್ಮ ಹಿರಿಯರು ನಾನಾ ಬಗೆಯಾಗಿ ಹೇಳಿದ್ದಾರೆ. ಆದರೆ ಮಮಕಾರಕ್ಕೆ ಇನ್ನೊಂದು ನೆಲೆಯುಂಟು; ಅದು ಅಷ್ಟು ಬೇಗನೆ ಕಣ್ಣಿಗೆ ಬೀಳುವುದಿಲ್ಲ. ಹೊನ್ನನ್ನು ತೃಣವಾಗಿ ಕಾಣಬಲ್ಲ ವಿದ್ವಾಂಸನು ಕೂಡ ತನ್ನ ಅಭಿಪ್ರಾಯವನ್ನು ಇನ್ನೊಬ್ಬನು ಅಲ್ಲಗಳೆದಾಗ ಮುಖ ಕೆಂಪಗೆ ಮಾಡಿಕೊಳ್ಳುತ್ತಾನೆ. 'ನನ್ನ ಮತ', 'ನನ್ನ ಸಿದ್ಧಾಂತ', 'ನಾನು ಕಂಡುಹಿಡಿದದ್ದು' ಎಂಬ ಮಾತುಗಳಲ್ಲಿ ಅಡಗಿರುವ ಮಮಕಾರವು ಮನೆಮಠಗಳ ಮಮಕಾರಕ್ಕಿಂತ ಸೂಕ್ಷ್ಮವಾದುದು, ಸೂಕ್ಷ್ಮವಾದುದರಿಂದಲೇ ಬಲವಾದುದು. ಏಕೆಂದರೆ ಅದು ಸತ್ಯದ ವೇಷವನ್ನು ತೊಟ್ಟು ಬರುತ್ತದೆ. ತನ್ನನ್ನು ಕಾಪಾಡಿಕೊಳ್ಳುತ್ತಿರುವವನು ತಾನು ಸತ್ಯವನ್ನೇ ಕಾಪಾಡುತ್ತಿರುವೆನೆಂದು ನಂಬುತ್ತಾನೆ.

ಸತ್ಯವನ್ನು ಅರಸುವವನು ತನ್ನ ಮತವನ್ನು ಎಷ್ಟು ಬಿಗಿಯಾಗಿ ಹಿಡಿಯಬೇಕು? ಯಾವಾಗ ಕೈಬಿಡಬೇಕು? ಇದೇ ಇಲ್ಲಿ ವಿಚಾರಿಸಬೇಕೆಂದಿರುವ ಪ್ರಶ್ನೆ. ಇದಕ್ಕೆ ಸುಲಭವಾದ ಉತ್ತರವೊಂದುಂಟು: ವಿರುದ್ಧವಾದ ಪ್ರಮಾಣವು ದೊರೆತೊಡನೆಯೇ ಬಿಟ್ಟುಬಿಡಬೇಕು ಎಂದು. ಈ ಉತ್ತರವು ತಪ್ಪಲ್ಲ, ಆದರೆ ಸಾಲದು. ಪ್ರಮಾಣವೆಂಬುದು ಒಂದೇ ದಿನ ಮುದ್ರೆಯೊತ್ತಿಸಿಕೊಂಡು ಮನೆಬಾಗಿಲಿಗೆ ಬರುವ ವಸ್ತುವಲ್ಲ. ಇಂದು ವಿರುದ್ಧವಾಗಿ ಕಂಡದ್ದು ನಾಳೆ ಸುಳ್ಳಾಗಬಹುದು. ಬಂದ ಪ್ರತಿಯೊಂದು ಆಕ್ಷೇಪಕ್ಕೂ ತಲೆಬಾಗುವವನು ಯಾವ ಸತ್ಯವನ್ನೂ ದಡ ಸೇರಿಸಲಾರನು. ಹಿಡಿದುಕೊಳ್ಳುವುದೂ ದೋಷವಾಗಬಹುದು, ಬಿಡುವುದೂ ದೋಷವಾಗಬಹುದು ಎಂದಮೇಲೆ ಎರಡನ್ನೂ ಅಳೆಯುವ ಕೋಲು ಯಾವುದು?

ಈ ಪ್ರಶ್ನೆಯನ್ನು ವಿಚಾರಿಸುವುದಕ್ಕೆ ಖಗೋಳಶಾಸ್ತ್ರಜ್ಞರ ಜೀವನವು ತಕ್ಕ ಕ್ಷೇತ್ರವೆಂದು ತೋರುತ್ತದೆ. ರಾಜಕೀಯದಲ್ಲಾಗಲಿ ಮತಧರ್ಮಗಳಲ್ಲಾಗಲಿ ಒಬ್ಬನು ತನ್ನ ಪಕ್ಷವನ್ನು ಬಿಡದಿದ್ದರೆ ಅದಕ್ಕೆ ಲಾಭ, ಭಯ, ಕುಲ, ಬಳಗ ಎಂದು ನೂರು ಕಾರಣಗಳಿರಬಹುದು. ನಕ್ಷತ್ರಗಳಾದರೋ ನಮ್ಮ ಗೊಡವೆಗೆ ಬರುವುವಲ್ಲ. ಒಂದು ನೀಹಾರಿಕೆ ಹತ್ತಿರದಲ್ಲಿದ್ದರೆ ಯಾರ ಆಸ್ತಿಯೂ ಹೆಚ್ಚುವುದಿಲ್ಲ. ದೂರದಲ್ಲಿದ್ದರೆ ಯಾರ ಅಧಿಕಾರವೂ ತಗ್ಗುವುದಿಲ್ಲ. ಅಂತಹ ವಿಷಯದಲ್ಲಿಯೂ ಪಕ್ಷಪಾತವು ತಲೆಯೆತ್ತಿದರೆ ಅದು ನೋಡುವವನ ಅಂತರಂಗದಿಂದಲೇ ಬಂದಿರಬೇಕು. ಅಲ್ಲಿ ಅದರ ಸ್ವರೂಪವನ್ನು ಬಿಡಿಯಾಗಿ ನೋಡಬಹುದು.

ಹಾರ್ಲೋ ಶ್ಯಾಪ್ಲಿ ಎಂಬಾತನು ೧೮೮೫ರಲ್ಲಿ ಅಮೆರಿಕದ ಮಿಸೌರಿ ಪ್ರಾಂತದ ಒಂದು ಬೇಸಾಯದ ಮನೆತನದಲ್ಲಿ ಹುಟ್ಟಿದನು. ಪತ್ರಿಕೋದ್ಯಮವನ್ನು ಕಲಿಯಬೇಕೆಂದು ಆತನು ೧೯೦೭ರಲ್ಲಿ ಅಲ್ಲಿಯ ವಿಶ್ವವಿದ್ಯಾನಿಲಯಕ್ಕೆ ಹೋದಾಗ ಆ ಶಾಲೆಯು ಇನ್ನೂ ಒಂದು ವರ್ಷ ತೆರೆಯುವುದಿಲ್ಲವೆಂದು ತಿಳಿದುಬಂದಿತು. ಪಾಠವಿಷಯಗಳ ಪಟ್ಟಿಯನ್ನು ತೆರೆದು ನೋಡಿದನಂತೆ. ಇಂಗ್ಲಿಷ್ ಅಕಾರಾದಿಯಲ್ಲಿ ಮೊದಲು ಕಂಡ 'ಆರ್ಕಿಯಾಲಜಿ' ಎಂಬ ಹೆಸರನ್ನು ಉಚ್ಚರಿಸಲು ಬಾರದೆ, ಅದರ ಮುಂದಿದ್ದ 'ಅಸ್ಟ್ರಾನಮಿ'ಯನ್ನು ಆರಿಸಿಕೊಂಡೆನೆಂದು ಆತನೇ ಮುಂದೆ ವಿನೋದವಾಗಿ ಹೇಳಿಕೊಂಡಿದ್ದಾನೆ. ಹೀಗೆ ಆಕಸ್ಮಿಕವಾಗಿ ಹಿಡಿದ ವಿದ್ಯೆಯಲ್ಲಿ ಆತನು ಪ್ರಿನ್ಸ್‌ಟನ್ನಿನ ಹೆನ್ರಿ ನಾರಿಸ್ ರಸೆಲ್ ಎಂಬ ಮಹಾವಿದ್ವಾಂಸನ ಶಿಷ್ಯನಾದನು. ೧೯೧೪ರಲ್ಲಿ ಕ್ಯಾಲಿಫೋರ್ನಿಯದ ಮೌಂಟ್ ವಿಲ್ಸನ್ ವೇಧಶಾಲೆಗೆ ಸೇರಿ, ೬೦ ಅಂಗುಲದ ದೂರದರ್ಶಕದ ಮುಂದೆ ರಾತ್ರಿಗಳನ್ನು ಕಳೆದನು. ಹಗಲು ಬಿಡುವಿದ್ದಾಗ ಅದೇ ಬೆಟ್ಟದ ಗೋಡೆಗಳ ಮೇಲೆ ಹರಿಯುವ ಇರುವೆಗಳ ವೇಗವು ಬಿಸಿಲಿಗೆ ತಕ್ಕಂತೆ ಹೇಗೆ ಹೆಚ್ಚುವುದೆಂದು ಅಳೆದು, ಅದನ್ನೂ ಶಾಸ್ತ್ರೀಯ ಲೇಖನವಾಗಿ ಪ್ರಕಟಿಸಿದನು. ಕಂಡದ್ದನ್ನೆಲ್ಲ ಅಳೆದು ನೋಡಬೇಕೆಂಬ ಕುತೂಹಲವು ಆತನಿಗೆ ಹುಟ್ಟುಗುಣವಾಗಿದ್ದಿತು.

ಆಕಾಶವನ್ನು ಅಳೆಯಲು ಆತನ ಕೈಗೆ ಬಂದ ಕೋಲು ಒಬ್ಬ ಹೆಂಗಸಿನ ತಪಸ್ಸಿನ ಫಲ. ಹಾರ್ವರ್ಡ್ ವೇಧಶಾಲೆಯಲ್ಲಿ ಗಂಟೆಗೆ ೩೦ ಸೆಂಟುಗಳ ವೇತನಕ್ಕೆ ಛಾಯಾಚಿತ್ರದ ಗಾಜಿನ ಫಲಕಗಳನ್ನು ಪರೀಕ್ಷಿಸುತ್ತಿದ್ದ ಹೆನ್ರಿಯೆಟ್ಟಾ ಲೀವಿಟ್ ಎಂಬಾಕೆಯು, ಬೆಳಕು ಏರಿ ಇಳಿಯುವ ೧,೭೭೭ ನಕ್ಷತ್ರಗಳನ್ನು ಮೆಗೆಲನ್ ಮೇಘಗಳಲ್ಲಿ ಗುರುತಿಸಿ ೧೯೦೮ರಲ್ಲಿ ಪಟ್ಟಿಯನ್ನು ಪ್ರಕಟಿಸಿದಳು. ಅವುಗಳ ಪೈಕಿ ೨೫ ನಕ್ಷತ್ರಗಳನ್ನು ಹೋಲಿಸಿ, ನಿಧಾನವಾಗಿ ಮಿಡಿಯುವ ನಕ್ಷತ್ರವು ಹೆಚ್ಚು ಪ್ರಕಾಶವುಳ್ಳದ್ದಾಗಿರುವುದೆಂಬ ನಿಯಮವನ್ನು ೧೯೧೨ರಲ್ಲಿ ಸ್ಥಾಪಿಸಿದಳು. ಮಿಡಿತದ ಅವಧಿಯಿಂದ ನಕ್ಷತ್ರದ ನಿಜವಾದ ಪ್ರಕಾಶವು ತಿಳಿಯುತ್ತದೆ. ನಿಜವಾದ ಪ್ರಕಾಶವನ್ನು ಕಣ್ಣಿಗೆ ಕಾಣುವ ಪ್ರಕಾಶದೊಡನೆ ಹೋಲಿಸಿದರೆ ದೂರವು ತಿಳಿಯುತ್ತದೆ. ಕತ್ತಲಲ್ಲಿ ಕಾಣುವ ದೀಪವೊಂದು ಎಷ್ಟು ದೂರದಲ್ಲಿದೆಯೆಂದು ತಿಳಿಯಬೇಕಾದರೆ ಅದು ಹಣತೆಯೋ ಪಂಜೋ ಎಂಬುದು ಮೊದಲು ಗೊತ್ತಾಗಬೇಕಷ್ಟೆ.

ಶ್ಯಾಪ್ಲಿಯು ಈ ಕೋಲನ್ನು ಇನ್ನಷ್ಟು ತಿದ್ದಿ, ಗೋಳಗುಚ್ಛಗಳೆಂಬ ನಕ್ಷತ್ರಸಮೂಹಗಳ ದೂರವನ್ನು ಅಳೆದನು. ಆ ಗುಚ್ಛಗಳು ಆಕಾಶದ ಎಲ್ಲ ಕಡೆಗೂ ಸಮನಾಗಿ ಹರಡಿಲ್ಲ. ಬಹುಭಾಗವು ಧನುರಾಶಿಯ ದಿಕ್ಕಿನಲ್ಲಿ ನೆರೆದಿವೆ. ಜಾತ್ರೆಯ ರಾತ್ರಿ ಬಯಲಿನಲ್ಲಿ ನಿಂತವನಿಗೆ ದೀಪಗಳೆಲ್ಲ ಒಂದೇ ಮಗ್ಗುಲಲ್ಲಿ ಕಂಡರೆ, ತಾನು ಜಾತ್ರೆಯ ನಡುವೆ ಇಲ್ಲ, ಅಂಚಿನಲ್ಲಿರುವೆನೆಂದು ಅವನು ತಿಳಿಯಬೇಕು. ಶ್ಯಾಪ್ಲಿಯು ತಿಳಿದದ್ದು ಇದನ್ನೇ. ನಮ್ಮ ಸೂರ್ಯನು ಆಕಾಶಗಂಗೆಯ ನಡುವೆ ಇಲ್ಲ, ಎಲ್ಲಿಯೋ ದೂರದ ಒಂದು ಮೂಲೆಯಲ್ಲಿರುವನೆಂದು ಆತನು ೧೯೧೮ರ ವೇಳೆಗೆ ಸಾರಿದನು. ಆತನು ಕೊಟ್ಟ ಅಳತೆಗಳು ದೊಡ್ಡವಾದುವು: ಆಕಾಶಗಂಗೆಯ ವ್ಯಾಸವು ಸುಮಾರು ಮೂರು ಲಕ್ಷ ಜ್ಯೋತಿರ್ವರ್ಷಗಳೆಂದು ಆತನ ಲೆಕ್ಕ, ಈಗಿನವರು ಸುಮಾರು ಒಂದು ಲಕ್ಷವೆನ್ನುತ್ತಾರೆ. ನಕ್ಷತ್ರಗಳ ನಡುವಣ ಧೂಳು ಬೆಳಕನ್ನು ಕುಗ್ಗಿಸುವುದೆಂಬ ಸಂಗತಿಯು ೧೯೩೦ರಲ್ಲಿ ಟ್ರಂಪ್ಲರ್ ಎಂಬಾತನಿಂದ ಸ್ಥಿರವಾಗುವವರೆಗೂ ಯಾರಿಗೂ ನಿಶ್ಚಯವಾಗಿ ತಿಳಿದಿರಲಿಲ್ಲ. ಆದರೂ ಮುಖ್ಯವಾದ ಮಾತು ನಿಂತಿತು. ಕೋಪರ್ನಿಕಸನು ಭೂಮಿಯನ್ನು ನಡುಪೀಠದಿಂದ ಇಳಿಸಿದಂತೆ ಶ್ಯಾಪ್ಲಿಯು ಸೂರ್ಯನನ್ನು ಇಳಿಸಿದನು. ಮನುಷ್ಯನ ಅಹಂಕಾರಕ್ಕೆ ಇದಕ್ಕಿಂತ ದೊಡ್ಡ ಪೆಟ್ಟು ಬೇರೊಂದಿಲ್ಲ.

ಅದೇ ಮನುಷ್ಯನು ಇನ್ನೊಂದು ವಿಷಯದಲ್ಲಿ ಎಡವಿದನು. ಆಂಡ್ರೊಮಿಡದಲ್ಲಿ ಕಾಣುವಂತಹ ಸುರುಳಿ ನೀಹಾರಿಕೆಗಳು ನಮ್ಮ ಆಕಾಶಗಂಗೆಗೆ ಸೇರಿದುವೋ, ಅಥವಾ ಪ್ರತಿಯೊಂದೂ ನಮ್ಮದರಂತೆಯೇ ಬೇರೆ ಬೇರೆ ನಕ್ಷತ್ರಲೋಕವೋ ಎಂಬುದು ಆ ಕಾಲದ ದೊಡ್ಡ ವಿವಾದ. ೧೯೨೦ರ ಏಪ್ರಿಲ್ ೨೬ರಂದು ವಾಷಿಂಗ್‌ಟನ್ನಿನಲ್ಲಿ, ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪರಿಷತ್ತಿನ ಮುಂದೆ, ಲಿಕ್ ವೇಧಶಾಲೆಯ ಹೀಬರ್ ಕರ್ಟಿಸನೂ ಶ್ಯಾಪ್ಲಿಯೂ ಎದುರು ಬದುರಾಗಿ ತಂತಮ್ಮ ಪಕ್ಷಗಳನ್ನು ಮಂಡಿಸಿದರು. ಸುರುಳಿ ನೀಹಾರಿಕೆಗಳು ಬೇರೆ ಲೋಕಗಳೆಂದು ಕರ್ಟಿಸ್ ಹೇಳಿದನು. ಅಲ್ಲವೆಂದು ಶ್ಯಾಪ್ಲಿ ಹೇಳಿದನು. ಆಕಾಶಗಂಗೆಯು ಬಹಳ ದೊಡ್ಡದೆಂದೂ ಸೂರ್ಯನು ಅದರ ನಡುವೆ ಇಲ್ಲವೆಂದೂ ಶ್ಯಾಪ್ಲಿ ಹೇಳಿದನು. ಅದನ್ನು ಕರ್ಟಿಸ್ ಒಪ್ಪಲಿಲ್ಲ. ಇಬ್ಬರೂ ತಮಗೆ ಹೆಚ್ಚು ಪರಿಚಿತವಾದ ಭಾಗದಲ್ಲಿ ಸರಿಯಾಗಿದ್ದರು, ಮತ್ತೊಂದರಲ್ಲಿ ತಪ್ಪಿದ್ದರು. ಸ್ಯಾದ್ವಾದವನ್ನು ಬೋಧಿಸಿದ ನಮ್ಮ ಜೈನ ಆಚಾರ್ಯರಿಗೆ ಈ ಸಭೆಯು ಒಳ್ಳೆಯ ದೃಷ್ಟಾಂತವಾಗುತ್ತಿತ್ತು.

ಶ್ಯಾಪ್ಲಿಯ ನಿರಾಕರಣೆಗೆ ಆಧಾರಗಳಿಲ್ಲದೆ ಇರಲಿಲ್ಲ. ೧೮೮೫ರಲ್ಲಿ ಆಂಡ್ರೊಮಿಡ ನೀಹಾರಿಕೆಯಲ್ಲಿ ಹೊಸ ನಕ್ಷತ್ರವೊಂದು ಬೆಳಗಿ ಆರಿತ್ತು. ಆ ನೀಹಾರಿಕೆಯು ಬಹುದೂರದಲ್ಲಿದ್ದುದೇ ನಿಜವಾದರೆ, ಆ ಒಂದು ನಕ್ಷತ್ರವು ಕೋಟಿಗಟ್ಟಲೆ ಸೂರ್ಯರ ಬೆಳಕನ್ನು ಬೀರಿರಬೇಕಾಗುತ್ತದೆ. ಅದು ಸಾಧ್ಯವೆ? ಸಾಧ್ಯವೆಂದು ಇಂದು ನಾವು ಬಲ್ಲೆವು. ಅಂತಹವುಗಳನ್ನು ಸೂಪರ್‌ನೋವಾ ಎನ್ನುತ್ತೇವೆ. ೧೯೨೦ರಲ್ಲಿ ಅದನ್ನು ಅಸಾಧ್ಯವೆಂದವನು ಮೂಢನಲ್ಲ. ಎರಡನೆಯ ಆಧಾರವು ಇನ್ನೂ ಬಲವಾಗಿ ತೋರಿತು. ಮೌಂಟ್ ವಿಲ್ಸನ್ನಿನಲ್ಲಿ ಆತನ ಗೆಳೆಯನಾಗಿದ್ದ ಆಡ್ರಿಯಾನ್ ವ್ಯಾನ್ ಮಾನೆನ್ ಎಂಬಾತನು ಹಲವು ವರ್ಷಗಳ ಅಂತರದಲ್ಲಿ ತೆಗೆದ ಛಾಯಾಚಿತ್ರಗಳನ್ನು ಹೋಲಿಸಿ, ಸುರುಳಿ ನೀಹಾರಿಕೆಗಳು ತಿರುಗುವುದನ್ನು ತಾನು ಅಳೆದಿರುವೆನೆಂದು ೧೯೧೬ರಿಂದ ಪ್ರಕಟಿಸುತ್ತಿದ್ದನು. ಕೆಲವೇ ವರ್ಷಗಳಲ್ಲಿ ಕಣ್ಣಿಗೆ ಗೊತ್ತಾಗುವಷ್ಟು ತಿರುಗುವ ವಸ್ತುವು ಬಹುದೂರದಲ್ಲಿದ್ದರೆ ಅದರ ಅಂಚಿನ ವೇಗವು ಬೆಳಕಿನ ವೇಗವನ್ನೂ ಮೀರಬೇಕಾಗುತ್ತದೆ. ಆದುದರಿಂದ ಅದು ಹತ್ತಿರದಲ್ಲಿಯೇ ಇರಬೇಕು. ತರ್ಕದಲ್ಲಿ ದೋಷವಿಲ್ಲ, ದೋಷವಿದ್ದುದು ಅಳತೆಯಲ್ಲಿ. ಆ ತಿರುಗಾಟವು ನಿಜವಾದುದಲ್ಲವೆಂದು ಮುಂದೆ ಸ್ಪಷ್ಟವಾಯಿತು.

ಎಡ್ವಿನ್ ಹಬಲ್ ಎಂಬಾತನು ೧೯೨೩ರ ಅಕ್ಟೋಬರಿನಲ್ಲಿ ೧೦೦ ಅಂಗುಲದ ದೂರದರ್ಶಕದಿಂದ ತೆಗೆದ ಚಿತ್ರಗಳಲ್ಲಿ, ಆಂಡ್ರೊಮಿಡದೊಳಗೆ ಲೀವಿಟ್ ಹೇಳಿದ ಜಾತಿಯ ಮಿಡಿಯುವ ನಕ್ಷತ್ರವೊಂದನ್ನು ಕಂಡನು. ಅದರ ಅವಧಿ ಸುಮಾರು ೩೧ ದಿನ. ಅದರಿಂದ ದೊರೆತ ದೂರವು ಶ್ಯಾಪ್ಲಿಯ ಆಕಾಶಗಂಗೆಗಿಂತಲೂ ಬಹಳ ಆಚೆಗೆ, ಒಂಬತ್ತು ಲಕ್ಷ ಜ್ಯೋತಿರ್ವರ್ಷಗಳಷ್ಟಾಯಿತು. ಇಂದಿನ ಲೆಕ್ಕದಲ್ಲಿ ಅದು ಸುಮಾರು ೨೫ ಲಕ್ಷ. ಆ ವೇಳೆಗೆ ಹಾರ್ವರ್ಡ್ ವೇಧಶಾಲೆಯ ಅಧ್ಯಕ್ಷನಾಗಿದ್ದ ಶ್ಯಾಪ್ಲಿಗೆ ೧೯೨೪ರ ಫೆಬ್ರವರಿಯಲ್ಲಿ ಹಬಲನ ಕಾಗದ ಬಂದಿತು. ಅದು ತನ್ನ ವಿಶ್ವವನ್ನು ಒಡೆದುಹಾಕಿದ ಕಾಗದವೆಂದು ಆತನು ನುಡಿದುದಾಗಿ ಆಗ ಅಲ್ಲಿದ್ದ ವಿದ್ಯಾರ್ಥಿನಿಯೊಬ್ಬಳು ಮುಂದೆ ನೆನೆದಿದ್ದಾಳೆ. ಹಬಲನು ಹಿಡಿದ ಅಳತೆಗೋಲು ಶ್ಯಾಪ್ಲಿಯೇ ತಿದ್ದಿ ಬಳಕೆಗೆ ತಂದದ್ದು. ತಾನು ಸಾಣೆಹಿಡಿದ ಕತ್ತಿಯಿಂದಲೇ ಆತನ ಸಿದ್ಧಾಂತವು ಕಡಿದುಬಿದ್ದಿತು.

ಇಲ್ಲಿ ನಾವು ನಿಂತು ಯೋಚಿಸಬೇಕು. ಶ್ಯಾಪ್ಲಿಯ ತಪ್ಪು ಯಾವುದು? ಗೆಳೆಯನನ್ನು ನಂಬಿದ್ದೆ? ಗೆಳೆತನವನ್ನು ಪ್ರಮಾಣವೆಂದು ಎಣಿಸಿದ್ದು ತಪ್ಪೆಂದು ಹಲವರು ಹೇಳುತ್ತಾರೆ. ಆದರೆ ನಂಬಿಕೆಯಿಲ್ಲದೆ ವಿದ್ಯೆಯು ಒಂದು ಹೆಜ್ಜೆಯನ್ನೂ ಇಡಲಾರದು. ಲೀವಿಟ್ ಅಳೆದ ಪ್ರತಿಯೊಂದು ಚುಕ್ಕೆಯನ್ನೂ ಶ್ಯಾಪ್ಲಿಯು ತಾನೇ ಮತ್ತೆ ಅಳೆಯಲಿಲ್ಲ. ಆಕೆಯ ಕೈಯನ್ನು ನಂಬಿದನು. ಆ ನಂಬಿಕೆಯಿಂದಲೇ ಸೂರ್ಯನ ನಿಜವಾದ ಸ್ಥಾನವು ತಿಳಿಯಿತು. ಲೀವಿಟ್‌ಳನ್ನು ನಂಬಿದ್ದು ಗುಣ, ವ್ಯಾನ್ ಮಾನೆನ್‌ನನ್ನು ನಂಬಿದ್ದು ದೋಷ ಎಂದರೆ, ಫಲವನ್ನು ನೋಡಿ ಗುಣದೋಷಗಳನ್ನು ಹೇಳಿದಂತಾಗುತ್ತದೆ. ಅದು ನ್ಯಾಯವಲ್ಲ.

ತಪ್ಪಿದ್ದುದು ತಕ್ಕಡಿಯಲ್ಲಿ ಎಂದು ತೋರುತ್ತದೆ. ಸುರುಳಿ ನೀಹಾರಿಕೆಗಳಲ್ಲಿ ಅನೇಕ ಹೊಸ ನಕ್ಷತ್ರಗಳು ಬಹಳ ಮಸುಕಾಗಿ ಕಂಡಿದ್ದುವು. ಆ ಮಸುಕು ಅವುಗಳ ದೂರವನ್ನು ಸೂಚಿಸುವುದೆಂದು ಕರ್ಟಿಸ್ ಹೇಳಿದನು. ತನ್ನ ಮತಕ್ಕೆ ಒಗ್ಗದ ಈ ಸಾಕ್ಷಿಯನ್ನು ಶ್ಯಾಪ್ಲಿಯು ಒರೆಗೆ ಹಚ್ಚಿದನು, ಮೂಲೆಮೂಲೆಯಲ್ಲೂ ಸಂದೇಹಪಟ್ಟನು. ಒಗ್ಗುವ ಸಾಕ್ಷಿಯನ್ನಾದರೋ ಅಷ್ಟು ಕಠಿನವಾಗಿ ಪ್ರಶ್ನಿಸಲಿಲ್ಲ. ಹಬಲನ ಕಾಗದ ಬಂದಾಗಲೂ ಮೊದಲು ಬರೆದ ಉತ್ತರದಲ್ಲಿ ಆ ಜಾತಿಯ ನಕ್ಷತ್ರಗಳ ವಿಷಯವಾಗಿ ಸಂಶಯಗಳನ್ನೇ ಎತ್ತಿದನು. ಸಂದೇಹಪಡುವುದು ದೋಷವಲ್ಲ, ನಂಬುವುದೂ ದೋಷವಲ್ಲ. ಸಂದೇಹವನ್ನೆಲ್ಲ ಎದುರಾಳಿಗೂ ನಂಬಿಕೆಯನ್ನೆಲ್ಲ ತನ್ನವರಿಗೂ ಹಂಚುವುದು ದೋಷ. ಮಮಕಾರವು ಕೆಲಸಮಾಡುವ ಬಗೆ ಇದೇ. ಅದು ನಮ್ಮಿಂದ ಸುಳ್ಳು ಹೇಳಿಸುವುದಿಲ್ಲ. ಎರಡು ತೂಕದ ಕಲ್ಲುಗಳನ್ನು ನಮಗೆ ತಿಳಿಯದಂತೆ ಕೈಗೆ ಕೊಟ್ಟುಬಿಡುತ್ತದೆ. ಸುಳ್ಳು ಹೇಳುವವನಿಗೆ ತಾನು ಸುಳ್ಳು ಹೇಳುತ್ತಿರುವುದು ಗೊತ್ತಿರುತ್ತದೆ. ಎರಡು ಕಲ್ಲುಗಳಿಂದ ತೂಗುವವನಿಗೆ ಅದೂ ಗೊತ್ತಿರುವುದಿಲ್ಲ. ಆದುದರಿಂದ ಪ್ರಾಮಾಣಿಕತೆಯೊಂದೇ ಇದಕ್ಕೆ ಮದ್ದಾಗಲಾರದು.

ಶಂಕರಾಚಾರ್ಯರಿಗೂ ಮಂಡನಮಿಶ್ರರಿಗೂ ನಡೆದ ವಾದದ ಕಥೆಯನ್ನು ನಮ್ಮಲ್ಲಿ ಅರಿಯದವರು ವಿರಳ. ಆ ವಾದಕ್ಕೆ ಮಧ್ಯಸ್ಥಳಾಗಿ ಕುಳಿತವಳು ಮಂಡನರ ಪತ್ನಿಯಾದ ಉಭಯಭಾರತಿ. ಗಂಡನ ಪಕ್ಷವನ್ನೂ ಎದುರಾಳಿಯ ಪಕ್ಷವನ್ನೂ ಒಂದೇ ಕಲ್ಲಿನಿಂದ ತೂಗಬಲ್ಲವಳೆಂಬ ನಂಬಿಕೆಯಿಂದ ಆಕೆಯನ್ನು ಆ ಪೀಠದಲ್ಲಿ ಕೂರಿಸಿದರು. ಗಂಡನ ಕೊರಳಿನ ಹೂಮಾಲೆ ಬಾಡಿದುದನ್ನು ಆಕೆ ಮುಚ್ಚಿಡಲಿಲ್ಲ. ಸೋತ ಮಂಡನರು ಗೆದ್ದವರ ಶಿಷ್ಯರಾಗಿ, ಸುರೇಶ್ವರರೆಂಬ ಹೆಸರಿನಿಂದ ಶೃಂಗೇರಿಯ ಪೀಠವನ್ನು ಬೆಳಗಿದರೆಂದು ಪರಂಪರೆಯು ಹೇಳುತ್ತದೆ. ಚರಿತ್ರಕಾರರು ಈ ಕಥೆಯ ವಿಷಯದಲ್ಲಿ ಏನಾದರೂ ಹೇಳಲಿ. ಸೋಲಿನ ಬಳಿಕ ಏನು ಮಾಡಬೇಕೆಂಬುದಕ್ಕೆ ಇದಕ್ಕಿಂತ ಎತ್ತರದ ಮಾದರಿಯನ್ನು ಕಾಣೆವು. ಸೋತೆನೆಂದು ಒಪ್ಪುವುದು ಅರ್ಧ ಕೆಲಸ. ಗೆದ್ದ ಸತ್ಯಕ್ಕಾಗಿ ದುಡಿಯುವುದು ಉಳಿದರ್ಧ.

ಶ್ಯಾಪ್ಲಿಯು ಈ ಉಳಿದರ್ಧವನ್ನು ಪೂರೈಸಿದನೆಂಬುದು ಆತನ ಹಿರಿಮೆ. ಕೆಲವು ತಿಂಗಳುಗಳಲ್ಲಿಯೇ ಆತನು ಹಬಲನ ನಿರ್ಣಯವನ್ನು ಒಪ್ಪಿಕೊಂಡನು. ಯಾವ ನೀಹಾರಿಕೆಗಳನ್ನು ಬೇರೆ ಲೋಕಗಳಲ್ಲವೆಂದಿದ್ದನೋ ಅವುಗಳ ಅಧ್ಯಯನಕ್ಕೇ ಮುಂದಿನ ಆಯುಸ್ಸಿನ ಬಹುಭಾಗವನ್ನು ಮುಡಿಪಿಟ್ಟನು. ಅಡಿಲೇಡ್ ಏಮ್ಸ್ ಎಂಬಾಕೆಯೊಡನೆ ೧೯೩೨ರಲ್ಲಿ ೧,೨೪೯ ಗೆಲಾಕ್ಸಿಗಳ ಪಟ್ಟಿಯನ್ನು ಪ್ರಕಟಿಸಿದನು. ೧೯೩೮ರಲ್ಲಿ ನಮ್ಮ ಆಕಾಶಗಂಗೆಗೆ ನೆರೆಯಾದ ಎರಡು ಕುಬ್ಜ ಗೆಲಾಕ್ಸಿಗಳನ್ನು ಬೆಳಕಿಗೆ ತಂದನು. ತನ್ನ ವಿಶ್ವವು ಒಡೆದ ಬಳಿಕ ಆತನು ಚೂರುಗಳನ್ನು ಹಿಡಿದು ಅಳುತ್ತ ಕೂರಲಿಲ್ಲ. ಅದರ ಜಾಗದಲ್ಲಿ ತೆರೆದುಕೊಂಡ ದೊಡ್ಡ ವಿಶ್ವವನ್ನು ಎಣಿಸುತ್ತ ಹೊರಟನು.

ಇಷ್ಟಕ್ಕೆ ನಿಲ್ಲಿಸಿದ್ದರೆ ನಮ್ಮ ವಿಚಾರವು ಬಹು ಸುಲಭವಾಗಿ ಮುಗಿಯುತ್ತಿತ್ತು: ಮಮಕಾರವನ್ನು ಬಿಡು, ಸತ್ಯವು ತಾನಾಗಿ ದೊರೆಯುವುದು ಎಂದು. ಆದರೆ ಅದೇ ಹಾರ್ವರ್ಡ್ ವೇಧಶಾಲೆಯಲ್ಲಿ, ಅದೇ ಶ್ಯಾಪ್ಲಿಯ ಆಶ್ರಯದಲ್ಲಿ, ಒಂದೇ ವರ್ಷದ ಬಳಿಕ ಇದಕ್ಕೆ ತೀರ ವಿರುದ್ಧವಾದ ಪ್ರಸಂಗವೊಂದು ನಡೆಯಿತು. ಹಬಲನ ಕಾಗದವು ಬಂದಾಗ ಅಲ್ಲಿದ್ದ ವಿದ್ಯಾರ್ಥಿನಿಯೇ ಇದರ ನಾಯಿಕೆ. ಹೆಸರು ಸಿಸಿಲಿಯಾ ಪೇನ್. ೧೯೦೦ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ ಕೇಂಬ್ರಿಜ್ಜಿನಲ್ಲಿ ಓದಿದವಳು. ಆಗ ಕೇಂಬ್ರಿಜ್ಜಿನಲ್ಲಿ ಹೆಂಗಸರು ಓದಬಹುದಿತ್ತು, ಪದವಿಯನ್ನು ಪಡೆಯುವಂತಿರಲಿಲ್ಲ; ಆ ನಿಯಮವು ೧೯೪೮ರವರೆಗೂ ಬದಲಾಗಲಿಲ್ಲ. ಸ್ವದೇಶದಲ್ಲಿ ಸಂಶೋಧನೆಗೆ ಅವಕಾಶ ಕಾಣದೆ ಆಕೆಯು ೧೯೨೩ರಲ್ಲಿ ಹಾರ್ವರ್ಡಿಗೆ ಬಂದಳು.

ನಮ್ಮ ದೇಶದ ಮೇಘನಾದ ಸಾಹಾ ಅವರು ೧೯೨೦ರಲ್ಲಿ ಒಂದು ಸಮೀಕರಣವನ್ನು ಪ್ರಕಟಿಸಿದ್ದರು. ಶಾಖವೂ ಒತ್ತಡವೂ ಇಷ್ಟಿಷ್ಟಿದ್ದರೆ ಪರಮಾಣುಗಳಲ್ಲಿ ಎಷ್ಟು ಪಾಲು ತಮ್ಮ ಎಲೆಕ್ಟ್ರಾನುಗಳನ್ನು ಕಳೆದುಕೊಂಡಿರುವುವೆಂಬುದನ್ನು ಅದು ತಿಳಿಸುತ್ತದೆ. ಪೇನ್ ಈ ಸಮೀಕರಣವನ್ನು ಹಿಡಿದು ಹಾರ್ವರ್ಡಿನಲ್ಲಿ ಕೂಡಿಟ್ಟಿದ್ದ ನಕ್ಷತ್ರಗಳ ವರ್ಣಪಟಲಗಳನ್ನು ಪರಿಶೀಲಿಸಿದಳು. ನಕ್ಷತ್ರಗಳು ಭೂಮಿಯಂತಹ ಪದಾರ್ಥಗಳಿಂದಲೇ, ಅದೇ ಪ್ರಮಾಣದಲ್ಲಿ ಆಗಿವೆಯೆಂದು ಆಗ ಎಲ್ಲರೂ ನಂಬಿದ್ದರು. ಆಕೆಯ ಲೆಕ್ಕದಲ್ಲಿ ಬೇರೆ ಧಾತುಗಳೇನೋ ಹಾಗೆಯೇ ಬಂದುವು. ಜಲಜನಕವೂ ಹೀಲಿಯಮ್ಮೂ ಮಾತ್ರ ಮಿಕ್ಕೆಲ್ಲವನ್ನೂ ಮುಳುಗಿಸುವಷ್ಟು ಹೆಚ್ಚಾಗಿ ಬಂದುವು. ಲೋಹಗಳಿಗಿಂತ ಜಲಜನಕವು ಹತ್ತು ಲಕ್ಷದಷ್ಟು ಮಡಿ ಅಧಿಕವೆಂದು ಕಂಡಿತು.

ಈ ಬರೆಹವನ್ನು ಶ್ಯಾಪ್ಲಿಯು ತನ್ನ ಗುರುವಾದ ರಸೆಲನಿಗೆ ಕಳುಹಿಸಿಕೊಟ್ಟನು. ಇಷ್ಟು ಜಲಜನಕವಿರುವುದು ಅಸಾಧ್ಯವೆಂದು ರಸೆಲನು ೧೯೨೫ರ ಜನವರಿಯಲ್ಲಿ ಬರೆದನು. ರಸೆಲನ ಮಾತಿಗೆ ಇದಿರಿಲ್ಲದ ಕಾಲ ಅದು. ಪೇನ್ ಅದೇ ವರ್ಷ ಪ್ರಕಟವಾದ ತನ್ನ ಪ್ರಬಂಧದಲ್ಲಿ ಅಂಕಿಗಳನ್ನು ಹಾಗೆಯೇ ಇಟ್ಟು, ಈ ಎರಡು ಧಾತುಗಳಿಗೆ ಬಂದ ಪ್ರಮಾಣವು ಬಹುಶಃ ನಿಜವಲ್ಲವೆಂದು ಬರೆದಳು. ನಾಲ್ಕು ವರ್ಷಗಳ ಬಳಿಕ, ೧೯೨೯ರಲ್ಲಿ, ರಸೆಲನೇ ಬೇರೊಂದು ಮಾರ್ಗದಿಂದ ಅದೇ ನಿರ್ಣಯಕ್ಕೆ ಬಂದನು. ಪೇನಳ ಕೆಲಸವನ್ನು ತನ್ನ ಲೇಖನದಲ್ಲಿ ಸ್ಮರಿಸಿದನು. ಸೂರ್ಯನೂ ನಕ್ಷತ್ರಗಳೂ ಬಹುಪಾಲು ಜಲಜನಕ ಹೀಲಿಯಮ್ಮುಗಳೇ ಎಂಬುದು ಇಂದು ಶಾಲೆಯ ಹುಡುಗರೂ ಓದುವ ಪಾಠ. ಅದನ್ನು ಮೊದಲು ಲೆಕ್ಕದಲ್ಲಿ ಕಂಡವಳು ತನ್ನ ಕೈಯಿಂದಲೇ ಅದನ್ನು ಅಲ್ಲವೆಂದು ಬರೆದಿದ್ದಳು.

ಪೇನಳು ಮಾಡಿದ್ದು ನಿರ್ಮಮತೆಯೇ? ಹೊರಗಿನಿಂದ ನೋಡಿದರೆ ಹಾಗೆಯೇ ಕಾಣುತ್ತದೆ. 'ನನ್ನದು' ಎಂದು ಪಟ್ಟು ಹಿಡಿಯಲಿಲ್ಲ. ಹಿರಿಯನ ಮಾತಿಗೆ ವಿನಯದಿಂದ ತಲೆಬಾಗಿದಳು. ಆದರೆ ಶ್ಯಾಪ್ಲಿಯು ತನ್ನ ವಿಶ್ವವನ್ನು ಬಿಟ್ಟದ್ದು ಹಬಲನೆಂಬ ವ್ಯಕ್ತಿಗಾಗಿ ಅಲ್ಲ. ೩೧ ದಿನಕ್ಕೊಮ್ಮೆ ಮಿಡಿಯುವ ಒಂದು ನಕ್ಷತ್ರಕ್ಕಾಗಿ. ಪೇನ್ ತನ್ನ ನಿರ್ಣಯವನ್ನು ಬಿಟ್ಟದ್ದು ಯಾವ ನಕ್ಷತ್ರಕ್ಕಾಗಿಯೂ ಅಲ್ಲ, ರಸೆಲನ ಕಾಗದಕ್ಕಾಗಿ. ಒಂದು ಕಡೆ ಯುಕ್ತಿಗೆ ಶರಣಾಗತಿ. ಇನ್ನೊಂದು ಕಡೆ ಹೆಸರಿಗೆ ಶರಣಾಗತಿ. ಎರಡೂ ತ್ಯಾಗದಂತೆ ಕಾಣುತ್ತವೆ. ಎರಡರ ಜಾತಿ ಬೇರೆ. ಭಯದಿಂದ ಬಿಟ್ಟದ್ದನ್ನು ತ್ಯಾಗವೆನ್ನಲಾಗದು. ಕಳ್ಳನ ಹೆದರಿಕೆಗೆ ಒಡವೆಯನ್ನು ಕೊಟ್ಟವನನ್ನು ಯಾರೂ ದಾನಿಯೆಂದು ಕರೆಯುವುದಿಲ್ಲ.

ಇಷ್ಟು ಹೇಳಿ ಆಕೆಯನ್ನು ದೂರಿದರೆ ಅನ್ಯಾಯವಾದೀತು. ಇಪ್ಪತ್ತೈದು ವರ್ಷ ವಯಸ್ಸು, ಪರದೇಶ, ಹೆಂಗಸರಿಗೆ ಬಾಗಿಲು ಅರೆತೆರೆದಿದ್ದ ಕಾಲ. ರಸೆಲನು ಬೇಡವೆಂದರೆ ಮುಂದಿನ ದಾರಿಯೇ ಮುಚ್ಚಿಹೋಗಬಹುದಿತ್ತು. ವಿನಯವೆಂಬುದು ಬಲವುಳ್ಳವನಿಗೆ ಭೂಷಣ. ಬಲವಿಲ್ಲದವರಿಗೆ ಅದು ಅನೇಕ ವೇಳೆ ವಿಧಿಸಿದ ದಂಡ. ದೋಷದಲ್ಲಿ ದೊಡ್ಡ ಪಾಲು ಬಲವುಳ್ಳವನ ಕಡೆಗೇ ಸಲ್ಲಬೇಕು. ತನ್ನ ಮಾತು ಎಷ್ಟು ಭಾರವಾದುದೆಂದು ಬಲ್ಲವನು 'ಅಸಾಧ್ಯ' ಎಂಬ ಪದವನ್ನು ಬರೆಯುವ ಮುನ್ನ ಇನ್ನೊಮ್ಮೆ ಲೆಕ್ಕವನ್ನು ನೋಡಬೇಕಾಗಿತ್ತು. ಆದರೂ ಆಕೆ ಒಂದು ದೊಡ್ಡ ಉಪಕಾರವನ್ನು ಮಾಡಿದಳು. ಅಂಕಿಗಳನ್ನು ಅಳಿಸಲಿಲ್ಲ, ತಿದ್ದಲೂ ಇಲ್ಲ. ವ್ಯಾಖ್ಯಾನದಲ್ಲಿ ಸೋತರೂ ಸಾಕ್ಷ್ಯಕ್ಕೆ ದ್ರೋಹ ಬಗೆಯಲಿಲ್ಲ. ಮುಂದೆ ೧೯೫೬ರಲ್ಲಿ ಹಾರ್ವರ್ಡಿನ ಪ್ರಾಧ್ಯಾಪಕಿಯಾದ ಆಕೆ, ತಾನು ಸರಿಯೆಂದು ನಂಬಿದ್ದಾಗಲೂ ಅಧಿಕಾರವಾಣಿಗೆ ಮಣಿದದ್ದು ತನ್ನ ತಪ್ಪೆಂದೂ, ಸಂಗತಿಗಳು ಖಚಿತವಾಗಿದ್ದರೆ ಅವುಗಳ ಪರವಾಗಿ ನಿಲ್ಲಬೇಕೆಂದೂ ಕಿರಿಯರಿಗೆ ಹೇಳಿದಳು.

ವಾಚಕರು ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ಶ್ಯಾಪ್ಲಿ ಹಟ ಹಿಡಿದನು, ಪೇನ್ ಬಿಟ್ಟಳು, ಆದರೇನು? ನಾಲ್ಕೈದು ವರ್ಷಗಳಲ್ಲಿ ಎರಡು ಸತ್ಯಗಳೂ ಹೊರಬಿದ್ದುವಲ್ಲ. ವಿದ್ವಜ್ಜನರ ಸಮೂಹವು ಒಬ್ಬೊಬ್ಬರ ಮಮಕಾರವನ್ನೂ ಭಯವನ್ನೂ ತಾನೇ ತಿದ್ದಿಕೊಳ್ಳುತ್ತದೆ. ಕರ್ಟಿಸನ ಹಟವೂ ಶ್ಯಾಪ್ಲಿಯ ಹಟವೂ ಒಂದನ್ನೊಂದು ಉಜ್ಜಿದ್ದರಿಂದಲೇ ಬೆಳಕು ಹೊರಟಿತು. ಹೀಗಿರುವಾಗ ವ್ಯಕ್ತಿಗೆ ಈ ನೀತಿಬೋಧೆ ಏತಕ್ಕೆ?

ಈ ಆಕ್ಷೇಪದಲ್ಲಿ ಸತ್ಯಾಂಶವಿದೆ. ವಾದಿಗಳಿಲ್ಲದೆ ವಾದವಿಲ್ಲ, ವಾದವಿಲ್ಲದೆ ತತ್ತ್ವನಿರ್ಣಯವಿಲ್ಲ. ಆದರೆ ಸಮೂಹವು ತಿದ್ದಿಕೊಳ್ಳುವುದು ಯಾರ ಬೆಲೆಯಲ್ಲಿ? ಲೋಕಕ್ಕೆ ನಾಲ್ಕು ವರ್ಷಗಳು ಅಲ್ಪಕಾಲ. ತನ್ನ ಜೀವನದ ಅತ್ಯುತ್ತಮವಾದ ಕೆಲಸವನ್ನು ತಾನೇ ಅಲ್ಲಗಳೆದುಕೊಂಡವಳಿಗೆ ಅದು ಅಲ್ಪವಲ್ಲ. ಮೇಲಾಗಿ, ಸಮೂಹವು ತಾನಾಗಿ ತಿದ್ದಿಕೊಳ್ಳುವ ಯಂತ್ರವಲ್ಲ. ಯಾರೋ ಒಬ್ಬನು ತನ್ನ ತಪ್ಪನ್ನು ಒಪ್ಪಿದಾಗ, ಯಾರೋ ಒಬ್ಬಳು ಅಂಕಿಗಳನ್ನು ಅಳಿಸದೆ ಉಳಿಸಿದಾಗ ಅದು ತಿದ್ದಿಕೊಳ್ಳುತ್ತದೆ. ರಸೆಲನು ೧೯೨೯ರಲ್ಲಿ ತನ್ನ ಹಿಂದಿನ ಮಾತನ್ನು ಉಳಿಸಿಕೊಳ್ಳಹೊರಟಿದ್ದರೆ ಆ ಸತ್ಯವು ಇನ್ನೆಷ್ಟು ಕಾಲ ಕಾಯಬೇಕಾಗುತ್ತಿತ್ತೋ ಬಲ್ಲವರಾರು!

ಹಾಗಾದರೆ ಹಿಡಿಯುವುದನ್ನೂ ಬಿಡುವುದನ್ನೂ ಒಂದುಗೂಡಿಸಿದವರುಂಟೆ? ಉಂಟು. ಲಾಹೋರಿನಲ್ಲಿ ೧೯೧೦ರಲ್ಲಿ ಹುಟ್ಟಿ ಮದರಾಸಿನಲ್ಲಿ ಓದಿದ ಸುಬ್ರಹ್ಮಣ್ಯನ್ ಚಂದ್ರಶೇಖರರು ೧೯೩೦ರಲ್ಲಿ ಇಂಗ್ಲೆಂಡಿಗೆ ಹೋಗುವ ಹಡಗಿನಲ್ಲಿಯೇ ಒಂದು ಲೆಕ್ಕವನ್ನು ಆರಂಭಿಸಿದರು. ಉರಿದು ಮುಗಿದ ನಕ್ಷತ್ರವು ಶ್ವೇತಕುಬ್ಜವಾಗಿ ನಿಲ್ಲಬೇಕಾದರೆ ಅದರ ದ್ರವ್ಯರಾಶಿಯು ಒಂದು ಮಿತಿಯನ್ನು ಮೀರಬಾರದೆಂಬುದು ಅದರ ಫಲ. ಆ ಮಿತಿಯು ಸೂರ್ಯನ ಸುಮಾರು ೧.೪ರಷ್ಟು. ೧೯೩೫ರ ಜನವರಿ ೧೧ರಂದು ಲಂಡನ್ನಿನ ರಾಯಲ್ ಅಸ್ಟ್ರನಾಮಿಕಲ್ ಸೊಸೈಟಿಯಲ್ಲಿ ಅವರು ಇದನ್ನು ನಿರೂಪಿಸಿದೊಡನೆ, ಆ ಕಾಲದ ಅಗ್ರಗಣ್ಯನಾದ ಆರ್ಥರ್ ಎಡಿಂಗ್ಟನ್ ಎದ್ದು ನಿಂತು ಸಭೆಯು ನಗುವಂತೆ ಅದನ್ನು ಹಳಿದನು. ಭೌತವಿಜ್ಞಾನದ ಪಂಡಿತರು ಕೆಲವರು ಖಾಸಗಿಯಾಗಿ ಚಂದ್ರಶೇಖರರೇ ಸರಿಯೆಂದರು. ಬಹಿರಂಗವಾಗಿ ಬಾಯಿ ಬಿಡಲಿಲ್ಲ.

ಆಗ ಅವರಿಗೆ ಇಪ್ಪತ್ತನಾಲ್ಕು ವರ್ಷ ವಯಸ್ಸು, ಪರದೇಶವಾಸಿ. ಪೇನಳಿಗೆ ಬಂದ ಸಂಕಟವೇ ಅವರಿಗೂ ಬಂದಿತು. ಅವರು ತಮ್ಮ ನಿರ್ಣಯವನ್ನು ಹಿಂತೆಗೆದುಕೊಳ್ಳಲಿಲ್ಲ. ಅದಕ್ಕಾಗಿ ಜೀವಮಾನವಿಡೀ ಕಾದಾಡುತ್ತಲೂ ಕೂರಲಿಲ್ಲ. ತಾವು ಕಂಡುದನ್ನೆಲ್ಲ ೧೯೩೯ರಲ್ಲಿ ಒಂದು ಗ್ರಂಥವಾಗಿ ಬರೆದಿಟ್ಟು, ಬೇರೆ ವಿಷಯದ ಅಧ್ಯಯನಕ್ಕೆ ತೊಡಗಿದರು. ಎಡಿಂಗ್ಟನ್ನನ ಮೇಲೆ ಹಗೆಯನ್ನು ಬೆಳೆಸಲಿಲ್ಲ. ಎಡಿಂಗ್ಟನ್ನನು ಹುಟ್ಟಿ ನೂರು ವರ್ಷ ತುಂಬಿದ ೧೯೮೨ರಲ್ಲಿ ಕೇಂಬ್ರಿಜ್ಜಿನಲ್ಲಿ ಆತನನ್ನು ಕುರಿತು ಗೌರವದ ಉಪನ್ಯಾಸಗಳನ್ನು ಕೊಟ್ಟವರೂ ಅವರೇ. ಅದರ ಮರುವರ್ಷ ನೊಬೆಲ್ ಪಾರಿತೋಷಕವು ವಿಲಿಯಂ ಫೌಲರನೊಡನೆ ಅವರಿಗೂ ಸಂದಿತು. ನಿರ್ಣಯವನ್ನು ಹಿಡಿದುಕೊಂಡರು, ನಿರ್ಣಯಕ್ಕಾಗಿ ಬರಬೇಕಾಗಿದ್ದ ಮನ್ನಣೆಯನ್ನು ಬಿಟ್ಟರು. ಸತ್ಯದ ಮೇಲಿನ ನಿಷ್ಠೆಯೂ ಮಮಕಾರವೂ ಇಲ್ಲಿ ಎಣ್ಣೆ ನೀರಿನಂತೆ ಬೇರೆಯಾಗಿ ಕಾಣುತ್ತವೆ.

ಈ ಮೂವರ ಜೀವನವನ್ನು ಒಟ್ಟಿಗೆ ಇಟ್ಟು ನೋಡಿದರೆ, ಎಷ್ಟು ಬಿಗಿಯಾಗಿ ಹಿಡಿಯಬೇಕೆಂಬ ನಮ್ಮ ಮೊದಲ ಪ್ರಶ್ನೆಯನ್ನೇ ಸ್ವಲ್ಪ ತಿದ್ದಬೇಕಾಗುತ್ತದೆ. ಬಿಗಿಯ ಅಳತೆಯು ಮುಖ್ಯವಲ್ಲ. ಏತಕ್ಕಾಗಿ ಹಿಡಿದಿದ್ದೇನೆ, ಏತಕ್ಕಾಗಿ ಬಿಡುತ್ತಿದ್ದೇನೆ ಎಂಬುದು ಮುಖ್ಯ. ನನಗೆ ಹಿತವಾದ ಸಾಕ್ಷಿಯನ್ನೂ ಅಹಿತವಾದ ಸಾಕ್ಷಿಯನ್ನೂ ಒಂದೇ ಕಲ್ಲಿನಿಂದ ತೂಗಿದೆನೆ? ಬಿಡುವಾಗ ಕಾರಣಕ್ಕೆ ಮಣಿದೆನೆ, ಕಾರಣ ಹೇಳದ ಹಿರಿತನಕ್ಕೆ ಮಣಿದೆನೆ? ಸೋತ ಮೇಲೆಯೂ ಗೆದ್ದ ಮೇಲೆಯೂ ಕೆಲಸವು ಮುಂದುವರಿಯಿತೆ? ಈ ಮೂರನ್ನು ತನ್ನನ್ನು ತಾನೇ ಕೇಳಿಕೊಳ್ಳಬಲ್ಲವನಿಗೆ ಬೇರೆ ಅಳತೆಗೋಲು ಬೇಕಾಗದು. ಉತ್ತರವನ್ನು ತನ್ನಲ್ಲಿಯೇ ಹುಡುಕುವುದು ಕಷ್ಟವಾದಾಗ ಉಭಯಭಾರತಿಯಂತಹ ಮಧ್ಯಸ್ಥರನ್ನು, ಎಂದರೆ ನಮ್ಮವರಾಗಿದ್ದೂ ನಮ್ಮ ಮುಖ ನೋಡದೆ ನುಡಿಯಬಲ್ಲವರನ್ನು, ಹತ್ತಿರ ಇಟ್ಟುಕೊಳ್ಳಬೇಕು.

ಇದು ವೇಧಶಾಲೆಗಳಿಗೆ ಮಾತ್ರ ಸೇರಿದ ಮಾತಲ್ಲ. ಓದು ಬರೆಹವುಳ್ಳ ನಮ್ಮ ಮನೆಗಳಲ್ಲಿ ದಿನವೂ ಸಣ್ಣ ಸಣ್ಣ ಸಿದ್ಧಾಂತಗಳು ಹುಟ್ಟುತ್ತಿರುತ್ತವೆ: ಇವನು ದಡ್ಡ, ಅವಳು ಗರ್ವಿಷ್ಠೆ, ಆ ಮನೆಯವರು ಹೀಗೆ, ಈ ಜಾತಿಯವರು ಹಾಗೆ ಎಂದು. ಅವಕ್ಕೆ ಒಗ್ಗುವ ಸಂಗತಿಗಳನ್ನು ಆಯ್ದು ಕೂಡಿಸುತ್ತೇವೆ. ಒಗ್ಗದವುಗಳನ್ನು ಕೆದಕಿ ಕೆದಕಿ ಸಂದೇಹಪಡುತ್ತೇವೆ. ಮನೆಯ ಹಿರಿಯನು 'ಅದು ಅಸಾಧ್ಯ' ಎಂದೊಡನೆ ಕಿರಿಯರು ತಾವು ಕಣ್ಣಾರೆ ಕಂಡದ್ದನ್ನೂ ಕಾಣಲಿಲ್ಲವೆಂದು ಹೇಳಲು ಕಲಿಯುತ್ತಾರೆ. ಅದನ್ನು ನಾವು ವಿನಯವೆಂದು ಹೊಗಳುತ್ತೇವೆ. ಹಿರಿಯರು ಕಿರಿಯರ ಅಂಕಿಗಳನ್ನು ಒಮ್ಮೆ ತಾಳ್ಮೆಯಿಂದ ನೋಡುವುದನ್ನೂ, ಕಿರಿಯರು ಗೌರವವನ್ನು ಬಿಡದೆ ತಮ್ಮ ಅಂಕಿಗಳ ಪರವಾಗಿ ನಿಲ್ಲುವುದನ್ನೂ ಅಭ್ಯಾಸಮಾಡಿಕೊಂಡರೆ, ಅಂತಹ ಮನೆಯಲ್ಲಿ ಬೆಳೆದ ಮಕ್ಕಳು ನಕ್ಷತ್ರಗಳನ್ನು ಅಳೆಯಲು ಹೋಗದಿದ್ದರೂ ಚಿಂತೆಯಿಲ್ಲ. ಎಲ್ಲಿ ನಿಂತರೂ ಅವರ ಕೈಯ ತಕ್ಕಡಿ ನೇರವಾಗಿರುತ್ತದೆ.